ನಿಧಿ ಹುಡುಕುವವರ ಕಣ್ಣಿಗೆ ಬೀಳದ ನಿಧಿ: ಕೊಪ್ಪಳದ ಗವಿಮಠ

ಮಾನ್ವಿ ಬಸ್ ನಿಲ್ದಾಣದ ಹತ್ತಿರದ ಚಹಾದ ಅಂಗಡಿಯಲ್ಲಿ ಕೂತಾಗ ಒಬ್ಬ ಹಿರಿಯರು ನಮ್ಮನ್ನು ಕೇಳಿದರು. "ತಮ್ಮಾ, ನೀವು ಪೇಪರ್ ಓದು ಓದಿದೋರು. ಗುಡ್ಡದಾಗ ಅಕ್ಷರ ಕೆತ್ತಿದ ಕಲ್ಲು ಇರ್ತಾವಲ್ಲ, ಅವುಗಳ ಬುಡಕ ಬಂಗಾರ ಇಟ್ಟಿರ್ತಾರಂತ. ಖರೇನ?"

ನಾವು ನಕ್ಕೆವು. ಅವರು ನಗಲಿಲ್ಲ. ತಮ್ಮೂರ ಗುಡ್ಡದಲ್ಲಿ ಅಮವಾಸ್ಯೆ ರಾತ್ರಿ ಯಾರೋ ಬಂದು ಒಂದು ಹಳೆಯ ಕಲ್ಲನ್ನು ಉರುಳಿಸಿ, ಅದರ ಕೆಳಗೆ ಆಳುದ್ದ ತೆಗ್ಗು ತೋಡಿ ಹೋಗಿದ್ದಾರೆ ಎಂದು ಹೇಳಿದರು. ತೆಗ್ಗಿನ ಪಕ್ಕ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ ಬಿದ್ದಿದ್ದವಂತೆ. ಕಲ್ಲು ಎರಡು ಹೋಳಾಗಿತ್ತಂತೆ. ಅದರ ಮೇಲೆ ಏನು ಬರೆದಿತ್ತು ಎಂದು ಕೇಳಿದೆವು. "ಅದನ್ನ ಓದೋರು ಯಾರಿದ್ರಪ್ಪ ಊರಾಗ?" ಅಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಕಲ್ಲಿನ ಕೆಳಗೆ ಏನಿದೆ ಎಂಬ ಆಸೆಗೆ ಕಲ್ಲಿನ ಮೇಲೆ ಇದ್ದದ್ದನ್ನೇ ಒಡೆದುಹಾಕಿದ್ದರು. ನಮ್ಮ ಭಾಗದ ಚರಿತ್ರೆಯಲ್ಲಿ ಹೀಗೆ ಎಷ್ಟು ಪುಟಗಳು ಹೋಗಿವೆಯೋ ಲೆಕ್ಕವಿಲ್ಲ. ಹೋಗದೆ ಉಳಿದ ಒಂದು ಜಾಗವನ್ನಾದರೂ ಸರಿಯಾಗಿ ನೋಡಿ ಬರೆಯೋಣ ಎಂದು ನಮ್ಮ ಗುಂಪಿನ ನಾಲ್ವರು ಸಿಂಧನೂರು, ಗಂಗಾವತಿ ದಾರಿಯಲ್ಲಿ ಕೊಪ್ಪಳದ ಬಸ್ ಹತ್ತಿದೆವು.

ನಮ್ಮ ಕಡೆ ಗವಿಗಳಿಗೆ ಕೊರತೆಯಿಲ್ಲ. ರಾಯಚೂರು ತಾಲ್ಲೂಕಿನ ಗಾಣದಾಳದಲ್ಲಿ ಪಂಚಮುಖಿ ಆಂಜನೇಯನ ಗವಿ ಇದೆ; ಅಲ್ಲಿ ರಾಘವೇಂದ್ರ ಸ್ವಾಮಿಗಳು ಹನ್ನೆರಡು ವರ್ಷ ತಪಸ್ಸು ಮಾಡಿದರೆಂದು ಜನ ನಂಬುತ್ತಾರೆ. ಆದರೆ ಗವಿಯೇ ಮಠವಾಗಿ, ಮಠದ ಹೆಸರೇ ಗವಿಯಾಗಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಬರವಣಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿರುವುದು ಕೊಪ್ಪಳದ ಗವಿಮಠ. ಕೊಪ್ಪಳ ಬೇರೆ ಜಿಲ್ಲೆಯಲ್ಲವೇ ಎನ್ನಬೇಡಿ. 1997ರವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯದೇ ತಾಲ್ಲೂಕು. ನಮ್ಮ ಅಪ್ಪಂದಿರ ಶಾಲೆಯ ಭೂಗೋಳದ ಪುಸ್ತಕದಲ್ಲಿ ಮಾನ್ವಿ, ದೇವದುರ್ಗ, ಕೊಪ್ಪಳ ಒಂದೇ ನಕ್ಷೆಯಲ್ಲಿದ್ದವು.

ಬಂಗಾರ ಹುಡುಕಿದವನಿಗೆ ಸಿಕ್ಕ ಅಕ್ಷರ

ಗವಿಮಠದ ಕಥೆಯನ್ನು ಹೇಳುವ ಮುಂಚೆ ಮಸ್ಕಿಯ ಕಥೆ ಹೇಳಬೇಕು. ಏಕೆಂದರೆ ಚಹಾದ ಅಂಗಡಿಯ ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

1915ರ ಜನವರಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಸುತ್ತ ಬಂಗಾರದ ಅದಿರು ಹುಡುಕುತ್ತ ಓಡಾಡುತ್ತಿದ್ದ. ಹಟ್ಟಿಯ ಚಿನ್ನದ ಗಣಿ ಅಲ್ಲಿಂದ ದೂರವಿಲ್ಲ. ಆ ನೆಲದಲ್ಲಿ ಬಂಗಾರವಿದೆ ಎಂಬುದು ಹಳೆಯ ಕಾಲದಿಂದ ಗೊತ್ತಿದ್ದ ಸಂಗತಿ. ದುರ್ಗದ ಗುಡ್ಡದ ಗವಿಯಂಥ ಜಾಗದಲ್ಲಿ ಒಂದು ಬಂಡೆಯ ಮೇಲೆ ಅವನಿಗೆ ಓದಲು ಬಾರದ ಅಕ್ಷರಗಳು ಕಂಡವು. ಆಗ ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಶುರುವಾಗಿ ಒಂದೇ ವರ್ಷವಾಗಿತ್ತು. ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿಗಳು ಆ ಅಕ್ಷರಗಳನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವೇ ಮಸ್ಕಿಯದು.

ಅದರಲ್ಲಿ ಏನಿತ್ತು? ಅಲ್ಲಿಯವರೆಗೆ ದೇಶದ ಬಂಡೆಗಳ ಮೇಲೆ, ಕಂಬಗಳ ಮೇಲೆ ಸಿಕ್ಕ ಶಾಸನಗಳಲ್ಲಿ ರಾಜನ ಹೆಸರಿನ ಜಾಗದಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಮೇಲೆ ಶಾಸನ ಓದಲು ಬಂದಿತು, ಆದರೆ ಈ ಪ್ರಿಯದರ್ಶಿ ಯಾರು ಎಂಬುದನ್ನು ಶ್ರೀಲಂಕಾದ ಹಳೆಯ ಗ್ರಂಥಗಳ ಸಹಾಯದಿಂದ ಊಹಿಸಬೇಕಾಯಿತು. ಮಸ್ಕಿಯ ಬಂಡೆ ಮೊದಲ ಬಾರಿಗೆ ಬಿರುದಿನ ಪಕ್ಕದಲ್ಲೇ 'ಅಶೋಕ' ಎಂಬ ಹೆಸರನ್ನು ತೋರಿಸಿತು. ಎಂಬತ್ತು ವರ್ಷದ ಊಹೆ ನಮ್ಮ ಸೀಮೆಯ ಒಂದು ಗುಡ್ಡದಲ್ಲಿ ಖಚಿತವಾಯಿತು.

ಬಂಗಾರ ಹುಡುಕಿ ಹೋದವನು ಅದಕ್ಕಿಂತ ದೊಡ್ಡದನ್ನು ಕಂಡ. ಕಂಡ ಮೇಲೆ ಕಲ್ಲನ್ನು ಉರುಳಿಸಲಿಲ್ಲ, ಓದಬಲ್ಲವರಿಗೆ ಸುದ್ದಿ ಮುಟ್ಟುವಂತಾಯಿತು. ನಮ್ಮೂರ ಗುಡ್ಡದಲ್ಲಿ ತೆಗ್ಗು ತೋಡಿದವರಿಗೂ ಬೀಡನ್‌ಗೂ ಇರುವ ವ್ಯತ್ಯಾಸ ಅಷ್ಟೇ.

ಗವಿಯ ನೆತ್ತಿಯ ಮೇಲೆ ಒಂದು ಪತ್ರ

ಮಸ್ಕಿಯಾದ ಹದಿನಾರು ವರ್ಷಕ್ಕೆ ಕೊಪ್ಪಳದ ಸರದಿ. 1931ರಲ್ಲಿ ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿ ಎಂಬವರು ಗವಿಮಠದ ಗುಡ್ಡದ ಮೇಲೂ, ಪಕ್ಕದ ಪಾಲ್ಕಿಗುಂಡಿನ ಮೇಲೂ ಇದೇ ಬಗೆಯ ಅಕ್ಷರಗಳನ್ನು ಗುರುತಿಸಿದರು. ಎರಡೂ ಅಶೋಕನ ಕಿರು ಬಂಡೆಗಲ್ಲು ಶಾಸನಗಳು. ಮರುವರ್ಷ, 1932ರಲ್ಲಿ, ಆರ್. ಎಲ್. ಟರ್ನರ್ ಅವುಗಳ ಪಾಠವನ್ನು ಹೈದರಾಬಾದಿನ ಅದೇ ಮಾಲೆಯಲ್ಲಿ ಪ್ರಕಟಿಸಿದರು.

ಇಲ್ಲಿ ನಾವು ಒಂದು ಗಳಿಗೆ ನಿಲ್ಲಬೇಕು. ಮಸ್ಕಿಯ ಶಾಸನ ಕಂಡದ್ದು ಹೊರಗಿನಿಂದ ಬಂದ ಎಂಜಿನಿಯರ್‌ಗೆ. ಕೊಪ್ಪಳದ ಶಾಸನಗಳನ್ನು ಕಂಡದ್ದು ಊರಿನ ಮನುಷ್ಯ. ದನ ಮೇಯಿಸುವವರು, ಮಠಕ್ಕೆ ನಡೆದುಕೊಳ್ಳುವವರು, ಗುಡ್ಡ ಹತ್ತಿ ಆಡುವ ಹುಡುಗರು ಎಲ್ಲರೂ ಆ ಬಂಡೆಯನ್ನು ನೋಡಿಯೇ ಇದ್ದರು. ಅದು ಓದಬೇಕಾದ್ದು ಎಂದು ಅನ್ನಿಸಿದ್ದು ಒಬ್ಬರಿಗೆ. ಗ್ರಾಮೀಣ ಪತ್ರಿಕೋದ್ಯಮ ಕಲಿತ ನಮಗೆ ಶಾಸ್ತ್ರಿಗಳು ಒಂದು ರೀತಿಯಲ್ಲಿ ಹಿರಿಯ ವರದಿಗಾರರೇ.

ಮಠದ ಹಿಂದಿನ ಗುಡ್ಡ ಹತ್ತಿದರೆ ಮುಂದಕ್ಕೆ ಚಾಚಿಕೊಂಡ ದೊಡ್ಡ ಬಂಡೆಯ ನೆರಳಿನಲ್ಲಿ ಗವಿಮಠದ ಶಾಸನ ಸಿಗುತ್ತದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎಂಟು ಸಾಲು. ನೆತ್ತಿಯ ಮೇಲಿನ ಕಲ್ಲು ಮಳೆ ಬಿಸಿಲನ್ನು ತಡೆದದ್ದರಿಂದ ಬರವಣಿಗೆ ಹೆಚ್ಚು ಕಡಿಮೆ ಪೂರ್ತಿಯಾಗಿ ಉಳಿದಿದೆ. ಪಾಲ್ಕಿಗುಂಡಿನದು ಹಾಗಲ್ಲ. ಎರಡು ಬಂಡೆಗಳ ಮೇಲೆ ಇನ್ನೊಂದು ಭಾರಿ ಗುಂಡು ಪಲ್ಲಕ್ಕಿಯಂತೆ ಕೂತಿರುವುದರಿಂದ ಆ ಗುಡ್ಡಕ್ಕೆ ಆ ಹೆಸರು. ಅಲ್ಲಿನ ಅಕ್ಷರಗಳು ಬಹುಪಾಲು ಸವೆದುಹೋಗಿವೆ.

ಗವಿಮಠದ ಶಾಸನದಲ್ಲಿ ಯುದ್ಧದ ಗೆಲುವಿಲ್ಲ, ದಾನದ ಲೆಕ್ಕವಿಲ್ಲ. ಒಬ್ಬ ರಾಜ ತನ್ನ ಬಗ್ಗೆ ತಾನೇ ಒಪ್ಪಿಕೊಳ್ಳುವ ಮಾತಿದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲ ಒಂದು ವರ್ಷ ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶ್ರಮ ಪಟ್ಟಿದ್ದೇನೆ ಎಂದು ಹೇಳುತ್ತಾನೆ. ಆ ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಲ್ಲ ಎನ್ನುತ್ತಾನೆ. ಸಣ್ಣವರೂ ದೊಡ್ಡವರೂ ದುಡಿಯಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ, ಈ ಪ್ರಯತ್ನ ಬಹುಕಾಲ ನಿಲ್ಲಲಿ ಎಂಬುದು ಅದರ ಕೊನೆಯ ಆಶಯ.

ಇಂಥ ಮಾತನ್ನು ಇಲ್ಲಿಯೇ ಏಕೆ ಕೆತ್ತಿಸಿದರು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ ಇದಕ್ಕೆ ಒಂದು ಸುಳಿವು ಕೊಡುತ್ತದೆ. ಅಲ್ಲಿನ ಆಜ್ಞೆ ಹೊರಟದ್ದು 'ಸುವರ್ಣಗಿರಿ'ಯಲ್ಲಿದ್ದ ರಾಜಕುಮಾರನಿಂದ. ದಕ್ಷಿಣದಲ್ಲಿ ಮೌರ್ಯರ ಆಡಳಿತ ನಡೆಯುತ್ತಿದ್ದ ಆ 'ಚಿನ್ನದ ಬೆಟ್ಟ' ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಮಸ್ಕಿ ಎಂದರು, ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದರು, ಇನ್ನು ಕೆಲವರು ಆಂಧ್ರದ ಜೊನ್ನಗಿರಿ ಎಂದರು. ಮೂರೂ ನಮ್ಮ ಸುತ್ತಲಿನ ಊರುಗಳೇ. ಮೌರ್ಯರು ಈ ಒಣ ನೆಲಕ್ಕೆ ಬಂದದ್ದಕ್ಕೆ ಬಂಗಾರವೂ ಒಂದು ಕಾರಣವೆಂದು ಇತಿಹಾಸಕಾರರು ನಂಬುತ್ತಾರೆ. ಬಂಗಾರ ಪಾಟಲೀಪುತ್ರಕ್ಕೆ ಹೋಯಿತು, ಕರಗಿತು, ಕೈ ಬದಲಾಯಿತು. ಅವರು ಬಿಟ್ಟುಹೋದ ಮಾತು ಮಾತ್ರ ಇಲ್ಲೇ ಇದೆ.

ಕೊಪಣವೆಂಬ ತೀರ್ಥ

ಅಶೋಕನ ನಂತರ ಈ ಗುಡ್ಡಗಳು ಸುಮ್ಮನಿರಲಿಲ್ಲ. ಕೊಪ್ಪಳದ ಹಳೆಯ ಹೆಸರು ಕೊಪಣ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ರಾಯಚೂರು ಕಡೆಯ ಕನ್ನಡ ಶುದ್ಧವಲ್ಲ ಎಂದು ಬೆಂಗಳೂರಿನ ಸಂದರ್ಶನಗಳಲ್ಲಿ ನಗೆಪಾಟಲಿಗೆ ಈಡಾದ ನಮ್ಮಂಥವರಿಗೆ ಈ ಪಟ್ಟಿ ಎಷ್ಟು ಸಮಾಧಾನ ಕೊಡುತ್ತದೆಂದು ಹೇಳಬೇಕಾಗಿಲ್ಲ.

ಅದೇ ಶತಮಾನದಲ್ಲಿ ಕೊಪಣ ಜೈನರ ಮಹಾತೀರ್ಥವಾಗಿತ್ತು. ಗುಡ್ಡದ ಗವಿಗಳಲ್ಲಿ, ಬಂಡೆಗಳ ನೆರಳಲ್ಲಿ ಜೈನ ಮುನಿಗಳು ವಾಸ ಮಾಡುತ್ತಿದ್ದರು. ಶಕ 803ರ, ಅಂದರೆ ಕ್ರಿ.ಶ. 881ರ, ಇಲ್ಲಿನ ಒಂದು ಶಾಸನ ಸರ್ವಣಂದಿ ಭಟಾರ ಎಂಬ ಮುನಿಯದು. ಅವರು ಏಕಚಟ್ಟುಗದ ಭಟಾರರ ಶಿಷ್ಯರು, ಕುಂದಕುಂದಾನ್ವಯದವರು. ಈ ಊರಲ್ಲಿ ನೆಲೆಸಿ ಜನರಿಗೆ ಶಾಸ್ತ್ರ ಹೇಳಿಕೊಟ್ಟರು, ಬಹುಕಾಲ ತಪಸ್ಸು ಮಾಡಿದರು, ಕೊನೆಗೆ ಸನ್ಯಸನ ವ್ರತದಿಂದ, ಎಂದರೆ ಅನ್ನ ನೀರು ಬಿಟ್ಟು, ದೇಹವನ್ನು ತ್ಯಜಿಸಿದರು. ಗುಡ್ಡದ ಕಲ್ಲೊಂದು ಒಬ್ಬ ಮೇಷ್ಟ್ರ ನೆನಪನ್ನು ಸಾವಿರದ ನೂರು ವರ್ಷ ಕಾದಿದೆ ಎಂದೇ ನಾವು ಇದನ್ನು ಓದಿಕೊಂಡೆವು.

ಪಾಲ್ಕಿಗುಂಡಿನ ಮೇಲೆ, ಅಶೋಕನ ಶಾಸನದ ಹತ್ತಿರದಲ್ಲೇ, ಒಂದು ಜೊತೆ ಪಾದಗಳ ಕೆತ್ತನೆ ಇದೆ. ಜಟಾಸಿಂಹನಂದಿ ಆಚಾರ್ಯರ ಈ ಪಾದಗಳನ್ನು ಚಾವಯ್ಯ ಎಂಬವನು ಮಾಡಿಸಿದ ಎಂದು ಹಳಗನ್ನಡದ ಪುಟ್ಟ ಬರಹ ಹೇಳುತ್ತದೆ. ಜಟಾಸಿಂಹನಂದಿ ಸಂಸ್ಕೃತದ 'ವರಾಂಗಚರಿತ' ಬರೆದ ಕವಿ. ಆ ಕಾವ್ಯವನ್ನು 1938ರಲ್ಲಿ ಸಂಪಾದಿಸಿ ಪ್ರಕಟಿಸಿದ ಎ. ಎನ್. ಉಪಾಧ್ಯೆ ಅವರು ಕೊಪ್ಪಳದ ಈ ಪಾದಗಳನ್ನು ಗಮನಿಸಿದ್ದರು. ದೊಡ್ಡ ಕವಿಯೊಬ್ಬನ ಗುರುತು ದೊಡ್ಡ ಗ್ರಂಥಾಲಯದಲ್ಲಿ ಉಳಿಯುವುದಕ್ಕಿಂತ ಮೊದಲೇ ಒಬ್ಬ ಚಾವಯ್ಯನ ಭಕ್ತಿಯಿಂದ ಒಂದು ಗುಡ್ಡದ ಮೇಲೆ ಉಳಿದಿತ್ತು. ಚಾವಯ್ಯ ಯಾವ ರಾಜನೂ ಅಲ್ಲ.

ಕೊಪಣದ ಹೆಸರು ಆ ಕಾಲದಲ್ಲಿ ಪಾವಿತ್ರ್ಯಕ್ಕೆ ಅಳತೆಗೋಲಾಗಿತ್ತು. 993ರ 'ಅಜಿತಪುರಾಣ'ದಲ್ಲಿ ರನ್ನ ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆಯನ್ನು ಹೊಗಳುವಾಗ ಗಂಗೆಯ ನೀರಿನ ಜೊತೆಗೆ ಕೊಪಣದ ಬೆಟ್ಟವನ್ನೂ ಹೋಲಿಕೆಗೆ ತರುತ್ತಾನೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ ಗಂಗವಾಡಿ ತೊಂಬತ್ತಾರು ಸಾವಿರವನ್ನೇ ಕೊಪಣದಂತೆ ಬೆಳಗಿಸಿದ ಎಂದು ಶ್ರವಣಬೆಳಗೊಳದ ಶಾಸನ ಹೊಗಳುತ್ತದೆ. ಕೊಪಣದಲ್ಲಿ 772 ಬಸದಿಗಳಿದ್ದವೆಂಬುದು ಪರಂಪರೆಯ ಹೇಳಿಕೆ. ಈಗ ಕಣ್ಣಿಗೆ ಕಾಣುವುದು ಬಂಡೆಗಳು, ಗವಿಗಳು, ಪಾದಗಳು ಮತ್ತು ಅಕ್ಷರಗಳು. ಇಲ್ಲಿನ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು 1935ರಲ್ಲಿ ಒಟ್ಟುಗೂಡಿಸಿ ಪುಸ್ತಕ ಮಾಡಿದರು. ಅಂದು ಹಾಗೆ ಒಟ್ಟುಗೂಡಿಸಿದ್ದರಿಂದಲೇ ಇಂದು ನಾವು ಇಷ್ಟು ಬರೆಯಲು ಸಾಧ್ಯವಾಗಿದೆ.

ಊರು ಬಿಟ್ಟುಹೋದ ಮೂರ್ತಿ

ಎತ್ತಿ ಒಯ್ಯಬಹುದಾದ ಸಂಪತ್ತಿನ ಗತಿ ಏನಾಗುತ್ತದೆ ಎಂಬುದಕ್ಕೂ ಕೊಪಣದಲ್ಲಿ ಒಂದು ಉದಾಹರಣೆ ಇದೆ. ಎರಂಬರಗೆಯ, ಅಂದರೆ ಇಂದಿನ ಯಲಬುರ್ಗಾದ, ಬೋಪಣ್ಣ ಎಂಬ ಭಕ್ತ ಇಪ್ಪತ್ತನಾಲ್ಕು ತೀರ್ಥಂಕರರ ಒಂದು ಮೂರ್ತಿ ಮಾಡಿಸಿ ಕೊಪಣ ತೀರ್ಥದ ಬಸದಿಗೆ ಅರ್ಪಿಸಿದ್ದ. ವ್ರತ ಮುಗಿಸಿದ ಸಂದರ್ಭದ ಕೊಡುಗೆ ಅದು. ಪೀಠದ ಮೇಲಿನ ಬರಹವೇ ಇದನ್ನು ಹೇಳುತ್ತದೆ. ಆ ಮೂರ್ತಿ ಬಸದಿಯಲ್ಲಿ ಉಳಿಯಲಿಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಮೂರ್ತಿ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹ ಸೇರಿತು. ಪಿ. ಬಿ. ದೇಸಾಯಿ ಅವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮದ ಗ್ರಂಥದಲ್ಲಿ ಆ ಪೀಠದ ಬರಹವನ್ನು ಚರ್ಚಿಸಿದರು.

ಮೂರ್ತಿ ಹೋದದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಮ್ಯೂಸಿಯಂ ಸೇರಿದ್ದರಿಂದ ಅದು ಉಳಿದಿರಲೂಬಹುದು. ನಮಗೆ ಮುಖ್ಯವೆನಿಸಿದ್ದು ಬೇರೆ. ಪೀಠದ ಮೇಲೆ ಎರಡು ಸಾಲು ಬರೆಸಿದ್ದರಿಂದ ಆ ಮೂರ್ತಿ ಯಾವ ಊರಿನದು, ಯಾರು ಮಾಡಿಸಿದ್ದು, ಏಕೆ ಮಾಡಿಸಿದ್ದು ಎಂಬುದು ಗೊತ್ತಾಯಿತು. ಬರಹವಿಲ್ಲದ ಮೂರ್ತಿಯಾಗಿದ್ದರೆ ಅದು ಊರಿಲ್ಲದ ಅನಾಥ ಮೂರ್ತಿ.

ಗವಿಸಿದ್ಧನ ಮನೆ

ಜೈನ ಮುನಿಗಳ ಕಾಲ ಮುಗಿದ ಮೇಲೆ ಗುಡ್ಡ ವೀರಶೈವ ಶಿವಯೋಗಿಗಳ ನೆಲೆಯಾಯಿತು. ಗವಿಯೊಳಗೆ ಗವಿಸಿದ್ಧೇಶ್ವರರ ಗದ್ದುಗೆ ಇದೆ. ತಲೆ ಬಾಗಿಸಿ ಒಳಗೆ ಹೋಗಬೇಕು. ಒಳಗಿನ ತಂಪು, ವಿಭೂತಿಯ ವಾಸನೆ, ಎಣ್ಣೆಯ ದೀಪ ಎಲ್ಲವೂ ಸೇರಿ ಹೊರಗಿನ ಬಿಸಿಲನ್ನು ಒಂದೇ ಗಳಿಗೆಯಲ್ಲಿ ಮರೆಸುತ್ತವೆ. ಈಗಿರುವ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮಠದ ಹದಿನೆಂಟನೆಯ ಪೀಠಾಧಿಪತಿಗಳು.

ಪುಷ್ಯ ಬಹುಳ ಬಿದಿಗೆಯಂದು, ಬನದ ಹುಣ್ಣಿಮೆಯಾದ ಎರಡನೆಯ ದಿನ, ಮಹಾರಥೋತ್ಸವ. ಮಠದ ಕೆರೆಯಲ್ಲಿ ತೆಪ್ಪೋತ್ಸವ. ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆದರೆ ನಮ್ಮ ಕಡೆಯವರು ಈ ಜಾತ್ರೆಯನ್ನು ನೆನೆಯುವುದು ತೇರಿಗಿಂತ ಹೆಚ್ಚಾಗಿ ದಾಸೋಹಕ್ಕೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ಜೋಳದ ರೊಟ್ಟಿ ಬಡಿದು ಒಣಗಿಸಿ, ಟ್ರ್ಯಾಕ್ಟರ್ ತುಂಬ ಹೊತ್ತು ತರುತ್ತಾರೆ. ಮಾದಲಿ, ಕಾಳು ಪಲ್ಲೆ, ಮಿರ್ಚಿ ಬಜ್ಜಿ. ರೊಟ್ಟಿಯ ರಾಶಿ ಗುಡ್ಡದ ಹಾಗೆ ಏಳುತ್ತದೆ. ಯಾರು ಎಷ್ಟು ರೊಟ್ಟಿ ಕೊಟ್ಟರು ಎಂದು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಸಣ್ಣವರೂ ದೊಡ್ಡವರೂ ಸೇರಿ ದುಡಿಯಲಿ ಎಂಬ ಮಾತು ಗುಡ್ಡದ ಮೇಲೆ ಬ್ರಾಹ್ಮಿಯಲ್ಲಿದೆ. ಗುಡ್ಡದ ಕೆಳಗೆ ಅದನ್ನು ಓದಲು ಬಾರದ ಅವ್ವಂದಿರು ರೊಟ್ಟಿ ಬಡಿಯುತ್ತಾರೆ.

ಮಠದ ಆಶ್ರಯದಲ್ಲಿ ಸಾವಿರಾರು ಬಡ ವಿದ್ಯಾರ್ಥಿಗಳು ಉಂಡು, ಓದುತ್ತಾರೆ. ನಮ್ಮ ಗುಂಪಿನ ಒಬ್ಬನ ಅಣ್ಣ ಅಲ್ಲೇ ಓದಿದವನು. 2019ರಲ್ಲಿ ಹೂಳು, ಜಾಲಿ, ಕಸ ತುಂಬಿದ್ದ ಹಿರೇಹಳ್ಳವನ್ನು ಸ್ವಾಮಿಗಳು ಜನರೊಂದಿಗೆ ತಾವೇ ಇಳಿದು ಸ್ವಚ್ಛ ಮಾಡಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಬರದ ಸೀಮೆಯಲ್ಲಿ ಒಂದು ಹಳ್ಳ ಮತ್ತೆ ಹರಿಯುವುದೆಂದರೆ ಅದಕ್ಕೆ ಬೆಲೆ ಕಟ್ಟುವವರು ಯಾರು?

ಬೌದ್ಧ ಉಪಾಸಕನಾದ ರಾಜನ ಮಾತು, ಜೈನ ಮುನಿಗಳ ಪಾದ, ಶಿವಯೋಗಿಯ ಗದ್ದುಗೆ. ಮೂರೂ ಈ ಒಂದೇ ಊರಿನ ಕಲ್ಲುಗಳಲ್ಲಿ ಇವೆ. ನಂತರ ಬಂದವರು ಮೊದಲಿದ್ದವರ ಅಕ್ಷರಗಳನ್ನು ಉಜ್ಜಿ ಹಾಕಲಿಲ್ಲ. ಓದಲು ಬರುತ್ತಿರಲಿಲ್ಲ ಎಂದು ಯಾರಾದರೂ ಅನ್ನಬಹುದು. ಆದರೆ ಓದಲು ಬಾರದ್ದನ್ನು ಒಡೆಯುವುದು ಎಷ್ಟು ಸುಲಭ ಎಂದು ನಮಗೆ ಚೆನ್ನಾಗಿ ಗೊತ್ತು.

ದೂರದ ಇನ್ನೊಂದು ಗವಿಮಠ

ಲೋಕದಲ್ಲಿ ಗವಿಮಠ ಎಂಬ ಹೆಸರಿನದು ಇದೊಂದೇ ಅಲ್ಲ. ಉಕ್ರೇನಿನ ಕೀವ್ ನಗರದಲ್ಲಿ ದ್ನಿಪ್ರೊ ನದಿಯ ದಂಡೆಯ ಗುಡ್ಡದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಪೆಚೆರ್ಸ್ಕ್ ಲಾವ್ರಾ ಇದೆ. 'ಪೆಚೆರ' ಎಂದರೆ ಗವಿ. ಹೆಸರಿನ ಅರ್ಥ ಥೇಟ್ ಗವಿಮಠ. 1051ರಲ್ಲಿ ಆಂಥೋನಿ ಎಂಬ ಸನ್ಯಾಸಿ ಅಲ್ಲಿನ ಗವಿಯಲ್ಲಿ ನೆಲೆಸಿದ್ದರಿಂದ ಅದು ಶುರುವಾಯಿತೆಂದು ಹೇಳುತ್ತಾರೆ. ಅಂದರೆ ನಮ್ಮ ಸರ್ವಣಂದಿ ಭಟಾರರು ತೀರಿಕೊಂಡ 170 ವರ್ಷದ ಮೇಲೆ. ಅಲ್ಲಿಯೂ ಗವಿಯ ಇಕ್ಕಟ್ಟಿನ ಓಣಿಗಳಲ್ಲಿ ಹಿರಿಯ ಸನ್ಯಾಸಿಗಳ ದೇಹಗಳನ್ನು ಇರಿಸಿದ್ದಾರೆ, ಭಕ್ತರು ಮೇಣದ ಬತ್ತಿ ಹಿಡಿದು ತಲೆ ಬಾಗಿ ನಡೆಯುತ್ತಾರೆ.

ಆ ಮಠದ ಆವರಣದ ಮ್ಯೂಸಿಯಂ ಒಂದು ಸಿಥಿಯನ್ನರ ಪ್ರಾಚೀನ ಬಂಗಾರದ ಒಡವೆಗಳಿಗೆ ಹೆಸರಾಗಿದೆ. ಆದರೂ ಆ ನಾಡಿನವರು ಅಲ್ಲಿನ ಸಂಪತ್ತು ಎಂದು ಮೊದಲು ಹೆಸರಿಸುವುದರಲ್ಲಿ ನೆಸ್ಟರ್ ಎಂಬ ಸನ್ಯಾಸಿಯೂ ಒಬ್ಬ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಆ ನಾಡಿನ ಹಳೆಯ ಇತಿಹಾಸವನ್ನು ಬರೆದಿಟ್ಟವನು ಅವನೇ ಎಂಬುದು ಪರಂಪರೆಯ ನಂಬಿಕೆ. ಮಠದ ದೊಡ್ಡ ಇಗರ್ಜಿ 1941ರಲ್ಲಿ ಯುದ್ಧದ ನಡುವೆ ಸ್ಫೋಟಕ್ಕೆ ಸಿಕ್ಕಿ ನೆಲ ಕಚ್ಚಿತು. 2000ದ ಹೊತ್ತಿಗೆ ಅದನ್ನು ಮತ್ತೆ ಕಟ್ಟಿದರು. 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ತಾಣ ಈಗಿನ ಯುದ್ಧದ ಕಾರಣ 2023ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಇಗರ್ಜಿಯನ್ನು ಮತ್ತೆ ಕಟ್ಟಬಹುದು. ನೆಸ್ಟರ್ ಬರೆದಿಡದೆ ಹೋಗಿದ್ದರೆ ಅದನ್ನು ಮತ್ತೆ ಬರೆಯುವವರು ಯಾರೂ ಇರಲಿಲ್ಲ.

ಒಡೆಯುವ ಕೈಗಳು, ಗೀಚುವ ಕೈಗಳು

ಕೊಪ್ಪಳದಲ್ಲಿ ಈಗ ಯುದ್ಧವಿಲ್ಲ. ಆದರೆ ನಮ್ಮ ಭಾಗದ ಕಲ್ಲುಗಳಿಗೆ ಎರಡು ಶತ್ರುಗಳಿವೆ.

ಒಂದು, ನಿಧಿಯ ಆಸೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳಿವೆ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಅಶೋಕನಿಗಿಂತಲೂ ಹಳೆಯ ಕಾಲದ ಸಮಾಧಿಗಳು ಅವು. ನಿಧಿಗಾಗಿ ಅಗೆಯುವವರ ಕೈಗೆ ಸಿಕ್ಕಿ ಅವುಗಳಲ್ಲಿ ಹಲವು ಹಾಳಾಗಿವೆ. ಆ ಸಮಾಧಿಗಳನ್ನು ಕಟ್ಟಿದವರು ಸತ್ತವರ ಜೊತೆಗೆ ಇಟ್ಟದ್ದು ಮಣ್ಣಿನ ಗಡಿಗೆ, ಕಬ್ಬಿಣದ ಸಾಮಾನುಗಳಂಥವು. ಬಂಗಾರ ತುಂಬಿದ ಕೊಪ್ಪರಿಗೆಗಳನ್ನಲ್ಲ.

ಎರಡನೆಯ ಶತ್ರುವಿನ ಬಗ್ಗೆ ಬರೆಯುವಾಗ ನಮ್ಮ ಕೈ ಸ್ವಲ್ಪ ನಡುಗುತ್ತದೆ. ನಮ್ಮಲ್ಲೊಬ್ಬ ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸಕ್ಕೆ ಹೋಗಿ ಒಂದು ಹಳೆಯ ಗುಡಿಯ ಕಂಬದ ಮೇಲೆ ಮೊಳೆಯಿಂದ ತನ್ನ ಹೆಸರು ಗೀಚಿದ್ದ. ಜೊತೆಯವರೆಲ್ಲ ಗೀಚಿದರು, ಇವನೂ ಗೀಚಿದ. ಗವಿಮಠದ ಗುಡ್ಡ ಇಳಿಯುವಾಗ ದಾರಿಯ ಬಂಡೆಗಳ ಮೇಲೆ ಬಣ್ಣದ ಹೃದಯಗಳನ್ನೂ ಹೆಸರುಗಳನ್ನೂ ನೋಡಿ ಅವನೇ ಇದನ್ನು ನಮಗೆ ಹೇಳಿದ. "ಎರಡು ಸಾವಿರ ವರ್ಷದ ಮೇಲೆ ಯಾರಾದ್ರೂ ಬಂದು ನನ್ನ ಹೆಸರು ಓದಿದ್ರ ಏನ್ ತಿಳ್ಕೋಬೇಕು?" ಎಂದ. ನಾವು ಯಾರೂ ಉತ್ತರ ಕೊಡಲಿಲ್ಲ.

ಕಾನೂನು ಇದೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ, ಒಡೆದರೆ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನೆಲದಲ್ಲಿ ನಿಧಿ ಸಿಕ್ಕರೂ ಅದನ್ನು ಮುಚ್ಚಿಡುವಂತಿಲ್ಲ, ಸರ್ಕಾರಕ್ಕೆ ತಿಳಿಸಬೇಕು; ಅದಕ್ಕೂ ಕಾಯ್ದೆ ಇದೆ. ಆದರೆ ಸಂರಕ್ಷಿತ ಪಟ್ಟಿಯಲ್ಲಿ ಇರುವುದು ಮಸ್ಕಿ, ಗವಿಮಠದಂಥ ಹೆಸರಾದ ಕಲ್ಲುಗಳು. ಊರ ಹೊರಗಿನ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಹಿಂದೆ ಬಿದ್ದಿರುವ ಸಾವಿರಾರು ಕಲ್ಲುಗಳಿಗೆ ಕಾವಲು ಊರವರೇ. ಅವರಿಗೆ ಅದು ಏನೆಂದು ಗೊತ್ತಾದರೆ ಮಾತ್ರ ಕಾಯುತ್ತಾರೆ.

ಮತ್ತೆ ಮಾನ್ವಿಗೆ

ಹಾಗಾದರೆ ನಮ್ಮ ಮಾನ್ವಿಯ ನಿಧಿ ಯಾವುದು? ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು ಗೋಪಾಲದಾಸರು. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದರು. ಇವರು ಬಿಟ್ಟುಹೋದದ್ದು ಬರೀ ಮಾತು, ಹಾಡು. ಆ ಹಾಡುಗಳು ಮನೆಮನೆಯ ಕೈಬರಹದ ಕಟ್ಟುಗಳಲ್ಲಿ ಗೆದ್ದಲು ಹಿಡಿದು ಹೋಗಬೇಕಿದ್ದಾಗ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಅವುಗಳನ್ನು ಹುಡುಕಿ, ಒಟ್ಟುಮಾಡಿ, ಪುಸ್ತಕಗಳಾಗಿ ಅಚ್ಚು ಹಾಕಿಸಿದರು. ಕೊಪ್ಪಳದ ಶಾಸ್ತ್ರಿಗಳ ಹಾಗೆ ಅವರೂ ಊರಿನವರೇ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮೂರಲ್ಲಿ ಅಕ್ಷರವಿರುವ ಕಲ್ಲು ಇದ್ದರೆ ಅದಕ್ಕೆ ಸುಣ್ಣ, ಆಯಿಲ್ ಪೇಂಟ್ ಬಳಿಯಬೇಡಿ. ಅಕ್ಷರ ಎದ್ದು ಕಾಣಲೆಂದು ಚಾಕು, ಮೊಳೆಯಿಂದ ಕೆರೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಸವೆದ ಅಕ್ಷರವೂ ನೆರಳಿನಿಂದ ಏಳುತ್ತದೆ. ಕಲ್ಲು ಇರುವ ಜಾಗ ಬರೆದಿಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ, ಪುರಾತತ್ವ ಇಲಾಖೆಗೋ ತೋರಿಸಿ. ಅದಕ್ಕಿಂತ ಮೊದಲು ಊರಿನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಕೊಪ್ಪಳದಿಂದ ಬಂದ ವಾರದ ಮೇಲೆ ನಾವು ಆ ಹಿರಿಯರ ಊರಿಗೆ ಹೋದೆವು. ತೆಗ್ಗು ಹಾಗೆಯೇ ಇತ್ತು, ಮಳೆನೀರು ನಿಂತಿತ್ತು. ಕಲ್ಲಿನ ಒಂದು ಹೋಳು ಅದರೊಳಗೆ ಬಿದ್ದಿತ್ತು, ಇನ್ನೊಂದು ಮೇಲೆಯೇ ಇತ್ತು. ಊರಿನ ನಾಲ್ಕು ಮಂದಿ ಹುಡುಗರು ಹಗ್ಗ ಹಾಕಿ ಕೆಳಗಿನದನ್ನು ಎಳೆದರು. ಎರಡನ್ನೂ ಹೊತ್ತು ತಂದು ಹನುಮಪ್ಪನ ಗುಡಿಯ ಕಟ್ಟೆಗೆ ಆನಿಸಿ, ಜೋಡಿಸಿ ನಿಲ್ಲಿಸಿದೆವು. ಒಡೆದ ಜಾಗದಲ್ಲಿ ಒಂದಿಷ್ಟು ಅಕ್ಷರ ಉದುರಿಹೋಗಿವೆ. ಉಳಿದವು ಹಳಗನ್ನಡದವು. ಫೋಟೊ ತೆಗೆದು ಓದಬಲ್ಲವರಿಗೆ ಕಳಿಸಿದ್ದೇವೆ.

ಹಿರಿಯರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಬಂಗಾರದ ಮಾತು ಎತ್ತಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು. "ಓದಿದ ಮ್ಯಾಲ ಏನ್ ಬರದಾರ ಅಂತ ನನಗೂ ಬಂದು ಹೇಳ್ತೀರಲ್ಲ?"

ಹೇಳುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದೇವೆ.